ರಾಗ ಯಾರದಾದರೇನು, ಮಾತು ನಮ್ಮದಿರಲಿ



ವೈದ್ಯನಾದ ನನ್ನನ್ನು ಭಾಷೆಯ ಕುರಿತು ಮಾತನಾಡಲು ಕರೆದಿದ್ದೀರಿ. ಆದುದರಿಂದ ನನ್ನ ಚಿಕಿತ್ಸಾ ಕೊಠಡಿಯಿಂದಲೇ ಆರಂಭಿಸುತ್ತೇನೆ.

ಊರಿನಿಂದ ಬಂದಿದ್ದ ಅಜ್ಜಿಯೊಬ್ಬರು ಒಮ್ಮೆ ಮೊಮ್ಮಗನನ್ನು ಕರೆತಂದಿದ್ದರು. “ಎಲ್ಲಿ ನೋಯ್ತದೆ ಮಗಾ?” ಎಂದು ಅವರು ಕೇಳಿದಾಗ ಬಾಲಕನು ನನ್ನತ್ತ ತಿರುಗಿ ಇಂಗ್ಲಿಷಿನಲ್ಲಿ ವಿವರಿಸಿದನು. ಕನ್ನಡ ಚಿತ್ರಗೀತೆಗಳೆಲ್ಲ ಅವನಿಗೆ ಕಂಠಪಾಠವೆಂದು ಅಜ್ಜಿ ಹೆಮ್ಮೆಪಟ್ಟರು. ಹಾಡು ಬರುತ್ತಿತ್ತು, ನೋವನ್ನು ಹೇಳಿಕೊಳ್ಳುವ ಮಾತು ಬರುತ್ತಿರಲಿಲ್ಲ. ಅಜ್ಜಿ ಮತ್ತು ಮೊಮ್ಮಗನ ನಡುವೆ ನಾನು ದುಭಾಷಿಯಾದೆನು.

ಇದಕ್ಕೆ ತದ್ವಿರುದ್ಧವಾದ ದೃಶ್ಯವೊಂದು ಅಮೆರಿಕದಲ್ಲಿದೆ. ಅರಿಜೋನಾದ ವಿಂಡೋ ರಾಕ್ ಎಂಬಲ್ಲಿ ನವಾಹೊ ಮೂಲನಿವಾಸಿಗಳು 1986ರಲ್ಲಿ ತಮ್ಮದೇ ಬಾನುಲಿ ಕೇಂದ್ರವನ್ನು ತೆರೆದರು. ಅದರ ಶಕ್ತಿ 50,000 ವ್ಯಾಟ್. ಒಂದು ಕಾಲಕ್ಕೆ ವಸತಿಶಾಲೆಗಳಲ್ಲಿ ತಾಯ್ನುಡಿಯಾಡಿದ ಮಕ್ಕಳಿಗೆ ಶಿಕ್ಷೆ ವಿಧಿಸಲಾಗುತ್ತಿದ್ದ ಜನಾಂಗವದು. ಅವರ ಕೇಂದ್ರವು ಬಿತ್ತರಿಸುವ ಹಾಡುಗಳಲ್ಲಿ ಬಹುಪಾಲು ಇಂಗ್ಲಿಷಿನ ‘ಕಂಟ್ರಿ’ ಗೀತೆಗಳು. ಆದರೆ ಹಾಡು ಹಾಡುಗಳ ನಡುವಿನ ನಿರೂಪಣೆ, ಸುದ್ದಿ, ಪ್ರಕಟಣೆ, ಆಟದ ವೀಕ್ಷಕ ವಿವರಣೆಗಳಲ್ಲಿ ನವಾಹೊ ನುಡಿ ಕೇಳಿಬರುತ್ತದೆ. ಹಾಡು ಪರರದು, ದೈನಂದಿನ ವ್ಯವಹಾರ ತಮ್ಮದು.

ಇಂತಹ ಸಹಬಾಳ್ವೆ ನಮಗೇನೂ ಹೊಸತಲ್ಲ. ಈ ಸಭೆಯಲ್ಲಿರುವ ಕರಾವಳಿಯ ಬಂಧುಗಳು 1976ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿಯನ್ನು ಮರೆತಿರಲಾರರು. ಕನ್ನಡದೊಂದಿಗೆ ತುಳು, ಕೊಂಕಣಿ, ಬ್ಯಾರಿ ನುಡಿಗಳಿಗೂ ಅಲ್ಲಿ ಎಡೆ ದೊರೆಯಿತು. ‘ಕೊಂಕಣ್ ಕೋಗುಳ್’ ಎಂದೇ ಖ್ಯಾತರಾದ ವಿಲ್ಫಿ ರೆಬಿಂಬಸ್ (1942–2010) ಅವರ ಕೊಂಕಣಿ ಗೀತೆಗಳನ್ನು ನೆನೆಯಿರಿ. ಗಿಟಾರು, ಪಾಶ್ಚಾತ್ಯ ಧಾಟಿಯ ಸ್ವರಮೇಳ. ಮಾತು ಮಾತ್ರ ಮಂಗಳೂರಿನ ಮನೆಯಂಗಳದ್ದು. ಹೊರಗಿನ ರಾಗದಿಂದ ಕೊಂಕಣಿ ಸೊರಗಲಿಲ್ಲ. ಅದು ಗಲ್ಫ್ ನಾಡುಗಳವರೆಗೂ ಹಾಡುತ್ತ ಬಂದಿತು.

ಹೀಗಾಗಿ ನಮ್ಮ ಮಕ್ಕಳು ಯಾವ ಸಂಗೀತ ಕೇಳುತ್ತಾರೆಂಬುದು ನನಗೆ ಚಿಂತೆಯ ವಿಷಯವಲ್ಲ. ಜ್ವರ, ಹಸಿವು, ಭಯ, ಮುನಿಸುಗಳನ್ನು ಅವರು ಯಾವ ನುಡಿಯಲ್ಲಿ ಹೇಳುತ್ತಾರೆಂಬುದೇ ಚಿಂತೆ. ಬಳಸದ ಸ್ನಾಯು ಕ್ಷೀಣಿಸುವುದೆಂದು ವೈದ್ಯಶಾಸ್ತ್ರ ಹೇಳುತ್ತದೆ. ಭಾಷೆಯೂ ಅಂತೆಯೇ. ವರ್ಷಕ್ಕೊಮ್ಮೆ ರಾಜ್ಯೋತ್ಸವದ ವೇದಿಕೆಯಲ್ಲಿ ಹಾಡಿಸಿದ ಮಾತ್ರಕ್ಕೆ ಅದು ಬಲಗೊಳ್ಳದು.

ಸಂಘಕ್ಕೆ ನನ್ನದೊಂದು ಸಣ್ಣ ಸಲಹೆ. ತಿಂಗಳಿಗೊಮ್ಮೆ ಅರ್ಧ ಗಂಟೆಯ ಧ್ವನಿಮುದ್ರಿತ ಕಾರ್ಯಕ್ರಮವನ್ನು ಮಕ್ಕಳಿಂದಲೇ ಮಾಡಿಸೋಣ. ಹಾಡು ಅವರ ಇಷ್ಟದ್ದಾಗಲಿ, ಯಾವ ಭಾಷೆಯದಾದರೂ ಆಗಲಿ. ಪರಿಚಯ, ಸಮಾಚಾರ, ದೋಹಾದ ಹವಾಮಾನ, ಊರಿನ ಅಜ್ಜ ಅಜ್ಜಿಯರಿಗೊಂದು ಸಂದೇಶ, ಇವು ಮಾತ್ರ ಕನ್ನಡದಲ್ಲೋ ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಇರಲಿ. ತಪ್ಪಿದರೆ ನಗಬೇಡಿ; ತಪ್ಪುತ್ತಲೇ ನಾಲಗೆ ತಿರುಗುತ್ತದೆ.

ಮುಂದೊಂದು ದಿನ ಆ ಬಾಲಕನು ಅಜ್ಜಿಯ ಪ್ರಶ್ನೆಗೆ ತಾನೇ ಉತ್ತರಿಸುವಂತಾದರೆ ನನ್ನ ದುಭಾಷಿಯ ಕೆಲಸ ತಪ್ಪೀತು. ಆ ನಿರುದ್ಯೋಗವನ್ನೇ ಹಾರೈಸುತ್ತೇನೆ.