ಚಪ್ಪಾಳೆ ನಿಂತ ಮೇಲೆ
(ಶಾಲೆಯ ವಾರ್ಷಿಕ ಕ್ರೀಡಾ ಬಹುಮಾನ ವಿತರಣಾ ಸಮಾರಂಭದಲ್ಲಿ ಮಾಡಿದ ಭಾಷಣ)



ಭಾಷೆ ಕಲಿಸುವ ನನ್ನನ್ನು ಕ್ರೀಡಾ ಸಮಾರಂಭದಲ್ಲಿ ಮಾತನಾಡಲು ಕರೆದದ್ದು ಏಕೆಂದು ನಿಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ನನಗೂ ಅನಿಸಿತು. ಆದರೆ ಕೆಲವು ದಿನಗಳ ಹಿಂದೆ ಹತ್ತನೇ ತರಗತಿಯ ಒಬ್ಬ ಹುಡುಗ ಸಂಜೆ ಮೈದಾನಕ್ಕೆ ಲೆಬ್ರಾನ್ ಜೇಮ್ಸ್ ಹೆಸರಿನ ಬನಿಯನ್ ತೊಟ್ಟು ಬಂದಿದ್ದ. ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್‌ನಲ್ಲಿ ಅತಿ ಹೆಚ್ಚು ಅಂಕ ಗಳಿಸಿದವರು ಲೆಬ್ರಾನ್ ಎಂದು ಹೆಮ್ಮೆಯಿಂದ ಹೇಳಿದ. "ಅದಕ್ಕೂ ಮೊದಲು ಆ ದಾಖಲೆ ಯಾರ ಹೆಸರಲ್ಲಿತ್ತು?" ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಕರೀಂ ಅಬ್ದುಲ್ ಜಬ್ಬಾರ್, 38,387 ಅಂಕ, ಆ ದಾಖಲೆ ಮುರಿದದ್ದು 2023ರ ಫೆಬ್ರವರಿ 7ರಂದು ಎಂದು ಹೇಳಿದೆ. ಹುಡುಗ ಕಣ್ಣರಳಿಸಿ, "ಟೀಚರ್, ಅವರು ನಮ್ಮವರಾ?" ಎಂದ.

ಆ ಪ್ರಶ್ನೆ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಪ್ರಸಿದ್ಧ ಮುಸ್ಲಿಮರ ಪಟ್ಟಿಗಳು ನಮ್ಮ ಮೊಬೈಲ್‌ಗಳಲ್ಲಿ ಓಡಾಡುತ್ತಲೇ ಇರುತ್ತವೆ. ಇಂದು ಅಂಥ ಇನ್ನೊಂದು ಪಟ್ಟಿ ಓದಲು ನಾನು ನಿಂತಿಲ್ಲ. ಆಟಗಾರನೊಬ್ಬನನ್ನು ಜನ ಹೇಗೆ ನೆನಪಿಡುತ್ತಾರೆ, ಹೇಗೆ ಮರೆಯುತ್ತಾರೆ ಎಂಬುದನ್ನು ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನ ಮೂಲಕ ನೋಡೋಣ ಎಂದುಕೊಂಡಿದ್ದೇನೆ.

ಅಲ್ಲಿ ಕಾಲೇಜು ಆಟವೆಂದರೆ ನಮ್ಮ ಅಂತರ ಕಾಲೇಜು ಪಂದ್ಯಾವಳಿಯಂತಲ್ಲ. ಹತ್ತಿಪ್ಪತ್ತು ಸಾವಿರ ಜನ ಕೂರುವ ಒಳಾಂಗಣಗಳು ತುಂಬುತ್ತವೆ, ದೇಶವೆಲ್ಲ ಟಿ.ವಿ. ಮುಂದೆ ಕೂರುತ್ತದೆ. ಆದರೆ ಒಂದು ವಿಚಿತ್ರವಿದೆ. ಬಹಳ ಕಾಲ ಅಲ್ಲಿನ ಆಟಗಾರ ಕಾಲೇಜಿನಲ್ಲಿ ಇರುತ್ತಿದ್ದದ್ದು ಹೆಚ್ಚೆಂದರೆ ನಾಲ್ಕು ವರ್ಷ. ಅಭಿಮಾನಿ ಇರುವುದು ಬದುಕಿರುವಷ್ಟು ಕಾಲ. ಅಭಿಮಾನಿಯ ಮನಸ್ಸಿನಲ್ಲಿ ಅಚ್ಚೊತ್ತುವುದು ತಾನು ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲಿದ್ದಾಗ ಕಂಡ ಆಟಗಾರ. ನಂತರ ಬಂದವರೆಲ್ಲ ಅವನ ಕಣ್ಣಿಗೆ ಒಂದು ಗುಲಗಂಜಿ ಕಡಿಮೆಯೇ. ನಮ್ಮ ಮನೆಗಳಲ್ಲೂ ವಿಶ್ವನಾಥ್ ಅವರನ್ನು ಕಂಡವರು ದ್ರಾವಿಡ್ ಅವರನ್ನು, ದ್ರಾವಿಡ್ ಅವರನ್ನು ಕಂಡವರು ಇಂದಿನವರನ್ನು ಹೀಗೇ ಅಳೆಯುವುದಿಲ್ಲವೇ?

ಕರೀಂ ಅವರ ಕಾಲೇಜು ದಿನಗಳನ್ನೇ ತೆಗೆದುಕೊಳ್ಳಿ. ಅವರು 1947ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದರು, ಆಗಿನ ಹೆಸರು ಲ್ಯೂ ಆಲ್ಸಿಂಡರ್. 1965ರಲ್ಲಿ ಲಾಸ್ ಏಂಜಲೀಸ್‌ನ ಯುಸಿಎಲ್ಎ ವಿಶ್ವವಿದ್ಯಾಲಯ ಸೇರಿದರು. ಮೊದಲ ವರ್ಷದವರು ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲ. ಆದರೂ ಆ ಹೊಸಬರ ತಂಡ, ಸತತ ಎರಡು ವರ್ಷ ರಾಷ್ಟ್ರೀಯ ಚಾಂಪಿಯನ್ ಆಗಿದ್ದ ತಮ್ಮದೇ ಕಾಲೇಜಿನ ಮುಖ್ಯ ತಂಡವನ್ನು 75-60ರಿಂದ ಸೋಲಿಸಿತು. ಮುಂದಿನ ಮೂರು ವರ್ಷಗಳಲ್ಲಿ ಅವರ ತಂಡ ಆಡಿದ 90 ಪಂದ್ಯಗಳಲ್ಲಿ 88 ಗೆದ್ದಿತು. 1967, 1968, 1969 ಮೂರೂ ವರ್ಷ ಚಾಂಪಿಯನ್. ಮೂರೂ ಸಲ ಕೊನೆಯ ಹಂತದ ಶ್ರೇಷ್ಠ ಆಟಗಾರ ಎಂಬ ಗೌರವ ಅವರಿಗೇ ಸಂದಿತು. ಇನ್ನಾರಿಗೂ ಅದು ಮೂರು ಸಲ ದಕ್ಕಿಲ್ಲ. ರಿಂಗಿನ ಮೇಲಿನಿಂದ ಚೆಂಡನ್ನು ಒಳಕ್ಕೆ ತುರುಕುವ ಡಂಕ್ ಎಂಬ ಹೊಡೆತವನ್ನು 1967ರಲ್ಲಿ ಕಾಲೇಜು ಆಟದಲ್ಲಿ ನಿಷೇಧಿಸಿದರು. ಇವರಿಗಾಗಿಯೇ ಮಾಡಿದ ನಿಯಮ ಎಂದು ಜನ ಅದನ್ನು ಇವರ ಹೆಸರಿನಿಂದಲೇ ಕರೆದರು. 1976ರವರೆಗೂ ಆ ನಿಷೇಧ ಇತ್ತು.

ಇಷ್ಟೆಲ್ಲ ಗೆದ್ದ ತಂಡದ ವಿಷಯದಲ್ಲಿ ಹಳೆಯ ಅಭಿಮಾನಿಗಳು ಮೊದಲು ಎತ್ತುವುದು ಯಾವ ಪಂದ್ಯವನ್ನು ಗೊತ್ತೇ? ಸೋತ ಪಂದ್ಯವನ್ನು! 1968ರ ಜನವರಿ 20ರಂದು ಹ್ಯೂಸ್ಟನ್ ನಗರದ ಆಸ್ಟ್ರೊಡೋಮ್‌ನಲ್ಲಿ 52,693 ಪ್ರೇಕ್ಷಕರ ಎದುರು ಹ್ಯೂಸ್ಟನ್ ವಿಶ್ವವಿದ್ಯಾಲಯ 71-69ರಿಂದ ಗೆದ್ದಿತು. ಎಲ್ವಿನ್ ಹೇಸ್ 39 ಅಂಕ ಗಳಿಸಿದರು. ಕಣ್ಣಿಗೆ ಗಾಯವಾಗಿದ್ದ ಆಲ್ಸಿಂಡರ್ ಅಂದು ಮಂಕಾಗಿದ್ದರು. ಲೀಗ್ ಹಂತದ ಕಾಲೇಜು ಪಂದ್ಯವೊಂದು ರಾತ್ರಿಯ ಹೊತ್ತು ದೇಶಾದ್ಯಂತ ಟಿ.ವಿ.ಯಲ್ಲಿ ಬಂದದ್ದು ಅದೇ ಮೊದಲು. ಎರಡು ತಿಂಗಳ ಬಳಿಕ ಸೆಮಿಫೈನಲ್‌ನಲ್ಲಿ ಅದೇ ಹ್ಯೂಸ್ಟನ್ ತಂಡವನ್ನು ಯುಸಿಎಲ್ಎ 101-69ರಿಂದ ಮಣಿಸಿತು. ಆದರೆ ನೆನಪು ಅಂಕಪಟ್ಟಿ ಓದಿಕೊಂಡು ಬರುವುದಿಲ್ಲ. ಮನೆಮಂದಿಯೆಲ್ಲ ಜೊತೆಗೆ ಕೂತು ನೋಡಿದ ರಾತ್ರಿಯನ್ನು ಹಿಡಿದುಕೊಳ್ಳುತ್ತದೆ.

1968ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಅವರು ಇಸ್ಲಾಂ ಸ್ವೀಕರಿಸಿದರು. ಹೊಸ ಹೆಸರನ್ನು ಸಾರ್ವಜನಿಕವಾಗಿ ಇಟ್ಟುಕೊಂಡದ್ದು 1971ರಲ್ಲಿ. ಹಾಗಾಗಿ ಕಾಲೇಜು ದಾಖಲೆ ಪುಸ್ತಕದಲ್ಲಿ ಇಂದಿಗೂ ಲ್ಯೂ ಆಲ್ಸಿಂಡರ್ ಎಂದೇ ಇದೆ, ವೃತ್ತಿಪರ ಆಟದ ಪುಸ್ತಕದಲ್ಲಿ ಕರೀಂ ಅಬ್ದುಲ್ ಜಬ್ಬಾರ್. ಅರವತ್ತರ ದಶಕದ ಅಭಿಮಾನಿಗೆ ಒಬ್ಬ, ಎಂಬತ್ತರ ದಶಕದಲ್ಲಿ ಕನ್ನಡಕ ತೊಟ್ಟ ಲೇಕರ್ಸ್ ಆಟಗಾರನನ್ನು ಕಂಡವನಿಗೆ ಇನ್ನೊಬ್ಬ. ಇಂದಿನ ಹುಡುಗನಿಗೆ ಅವರು ಲೆಬ್ರಾನ್ ದಾಟಿದ ಒಂದು ಸಂಖ್ಯೆ ಮಾತ್ರ. ಹೆಸರು ಬದಲಾದರೆ ನೆನಪು ಕೆಡುತ್ತದೆ ಎಂದು ನಾನು ಹೇಳುತ್ತಿಲ್ಲ. ಅಸದುಲ್ಲಾ ಖಾನ್ ಎಂದರೆ ನನ್ನ ಉರ್ದು ತರಗತಿಯಲ್ಲಿ ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಾರೆ, ಗಾಲಿಬ್ ಎಂದರೆ ಎಲ್ಲರ ಕೈ ಮೇಲೇಳುತ್ತದೆ. ಕನ್ನಡ ತರಗತಿಯಲ್ಲಿ ಪುಟ್ಟಪ್ಪನವರದೂ ಕುವೆಂಪು ಅವರದೂ ಇದೇ ಕತೆ. ಎರಡು ಹೆಸರನ್ನು ಜೋಡಿಸಿ ಹೇಳುವವರು ಒಬ್ಬರು ಬೇಕು, ಅಷ್ಟೆ.

ಹಾಗೆ ಜೋಡಿಸುವವರು ತಡವಾಗಿ ಸಿಕ್ಕ ಆಟಗಾರರೊಬ್ಬರಿದ್ದಾರೆ. ಮಿಸಿಸಿಪ್ಪಿ ರಾಜ್ಯದ ಗಲ್ಫ್‌ಪೋರ್ಟ್ ಊರಿನ ಕ್ರಿಸ್ ಜ್ಯಾಕ್ಸನ್. ಅವರಿಗೆ ಟೂರೆಟ್ ಎಂಬ ನರ ಸಂಬಂಧಿ ತೊಂದರೆ. ಮೈ ತಾನಾಗಿ ಅದುರುತ್ತದೆ. ಒಂದು ಹೊಡೆತ ಮನಸ್ಸಿಗೆ ಸರಿಯೆನಿಸುವವರೆಗೆ ಮತ್ತೆ ಮತ್ತೆ ಎಸೆಯದೆ ಮನೆಗೆ ಹೋಗಲಾಗುತ್ತಿರಲಿಲ್ಲ. 1988ರಲ್ಲಿ ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ ಸೇರಿ, ಮೊದಲ ವರ್ಷದಲ್ಲೇ ಪಂದ್ಯಕ್ಕೆ ಸರಾಸರಿ 30.2 ಅಂಕ ಗಳಿಸಿದರು. ಎರಡೇ ವರ್ಷ ಅಲ್ಲಿ ಆಡಿದ್ದು. 1991ರಲ್ಲಿ ಇಸ್ಲಾಂ ಸ್ವೀಕರಿಸಿ, 1993ರಲ್ಲಿ ಮಹಮೂದ್ ಅಬ್ದುಲ್ ರವೂಫ್ ಆದರು. 1996ರಲ್ಲಿ ಡೆನ್ವರ್ ತಂಡದಲ್ಲಿದ್ದಾಗ ರಾಷ್ಟ್ರಗೀತೆಗೆ ಎದ್ದು ನಿಲ್ಲಲಿಲ್ಲವೆಂದು ಒಂದು ಪಂದ್ಯಕ್ಕೆ ಅಮಾನತುಗೊಂಡರು. ನಂತರ ಎದ್ದು ನಿಂತು, ತಲೆ ತಗ್ಗಿಸಿ ದುಆ ಮಾಡುವುದೆಂದು ಒಪ್ಪಂದವಾಯಿತು. ಆದರೂ ಅವರ ವೃತ್ತಿಜೀವನ ಮೊದಲಿನಂತೆ ಆಗಲಿಲ್ಲ. ಅವರ ನಿಲುವನ್ನು ಒಪ್ಪದವರು ಇರಬಹುದು. ರಾಷ್ಟ್ರಗೀತೆಗೆ ಎದ್ದು ನಿಲ್ಲುವುದನ್ನು ನಾನು ಮಕ್ಕಳಿಗೆ ಪ್ರತಿದಿನ ಕಲಿಸುವವಳು. ನನ್ನ ಪ್ರಶ್ನೆ ಬೇರೆ. 1996ರ ವಿವಾದ, 1989ರ ಆಟವನ್ನು ಅಳಿಸಿಬಿಡಬೇಕೇ?

ಲೂಸಿಯಾನಾದಲ್ಲಿ ಅವರ 35ನೇ ಸಂಖ್ಯೆಯ ಅಂಗಿಯನ್ನು ಗೌರವಾರ್ಥವಾಗಿ ನಿವೃತ್ತಿಗೊಳಿಸಿದ್ದು 2020ರ ಫೆಬ್ರವರಿ 29ರಂದು, ಅವರು ಕಾಲೇಜು ಬಿಟ್ಟ ಮೂವತ್ತು ವರ್ಷಗಳಿಗೆ. ಒಂದು ವರ್ಷ ಅವರೊಂದಿಗೆ ಅದೇ ತಂಡದಲ್ಲಿದ್ದ ಶಕೀಲ್ ಓನೀಲ್ ಅವರಿಗೆ 2011ರಲ್ಲೇ ಅಲ್ಲಿ ಪ್ರತಿಮೆ ಎದ್ದಿತ್ತು. (ಶಕೀಲ್ ಎಂದರೆ ಸುಂದರ ಎಂದು ಉರ್ದು ಓದುವವರಿಗೆ ನಾನು ಹೇಳಬೇಕಾಗಿಲ್ಲ.) 2016ರಲ್ಲಿ ಫುಟ್‌ಬಾಲ್ ಆಟಗಾರ ಕಾಲಿನ್ ಕೇಪರ್ನಿಕ್ ರಾಷ್ಟ್ರಗೀತೆಯ ವೇಳೆ ಮೊಣಕಾಲೂರಿದಾಗ ಪತ್ರಿಕೆಗಳು ಇಪ್ಪತ್ತು ವರ್ಷದ ಹಿಂದಿನ ಅಬ್ದುಲ್ ರವೂಫ್ ಅವರನ್ನು ಹುಡುಕಿಕೊಂಡು ಹೋದವು. ಹಳೆಯ ಆಟಗಾರ ಮರಳಿ ನೆನಪಾಗಲು ಹೊಸದೊಂದು ಸುದ್ದಿ ಬೇಕಾಗುತ್ತದೆ ಎಂಬುದು ಬೇಸರದ ಸಂಗತಿ, ಆದರೆ ನಿಜ.

ಅದೇ ವಿಶ್ವವಿದ್ಯಾಲಯದಲ್ಲಿ ಅವರಿಗಿಂತ ಇಪ್ಪತ್ತು ವರ್ಷ ಮೊದಲು ಪೀಟ್ ಮಾರವಿಚ್ ಆಡಿದ್ದರು. ಮೂರು ವರ್ಷ, 83 ಪಂದ್ಯ, 3,667 ಅಂಕ. ಆಗ ಮೂರು ಅಂಕದ ಗೆರೆಯೇ ಇರಲಿಲ್ಲ. ಎಷ್ಟು ದೂರದಿಂದ ಹಾಕಿದರೂ ಎರಡೇ ಅಂಕ. 2023ರಲ್ಲಿ ಡೆಟ್ರಾಯಿಟ್‌ನ ಆಂಟ್ವಾನ್ ಡೇವಿಸ್ ಐದು ವರ್ಷ ಆಡಿ 3,664ಕ್ಕೆ ನಿಂತರು, ಮೂರೇ ಅಂಕ ಕಡಿಮೆ. ಆಗ ಮತ್ತೆ ಎಲ್ಲರ ಬಾಯಲ್ಲಿ ಮಾರವಿಚ್. ಅವರು ತೀರಿಕೊಂಡದ್ದು 1988ರಲ್ಲಿ, ನಲವತ್ತನೇ ವಯಸ್ಸಿಗೆ.

ಇನ್ನು ಮುಂದಿನ ಮಾತು ವಿದ್ಯಾರ್ಥಿನಿಯರಿಗೆ.

ಮಾರವಿಚ್ ಅವರ 3,667 ಅಂಕಗಳನ್ನು ದಾಟಿದ್ದು ಒಬ್ಬ ಯುವತಿ. ಅಯೋವಾ ವಿಶ್ವವಿದ್ಯಾಲಯದ ಕೇಟ್ಲಿನ್ ಕ್ಲಾರ್ಕ್, 2024ರ ಮಾರ್ಚ್ 3ರಂದು. ಆಕೆ ಕಾಲೇಜು ಬಿಡುವಾಗ 3,951 ಅಂಕ ಗಳಿಸಿದ್ದರು. ಅದಕ್ಕೂ ಮೊದಲು ಫೆಬ್ರವರಿ 15ರಂದು ಮಹಿಳೆಯರ ದಾಖಲೆ ಮುರಿದರೆಂದು ಘೋಷಿಸಿದರು. ಆಗ ಹಳಬರು ಎದ್ದು ಕೇಳಿದರು, ಲಿನೆಟ್ ವುಡರ್ಡ್ ಎಲ್ಲಿ?

ವುಡರ್ಡ್ 1977ರಿಂದ 1981ರವರೆಗೆ ಕಾನ್ಸಾಸ್ ವಿಶ್ವವಿದ್ಯಾಲಯಕ್ಕೆ ಆಡಿ 3,649 ಅಂಕ ಗಳಿಸಿದ್ದರು. ಆದರೆ ಅಧಿಕೃತ ಪುಸ್ತಕದಲ್ಲಿ ದಾಖಲೆ ಎಂದು ಇದ್ದದ್ದು ಕೆಲ್ಸೀ ಪ್ಲಮ್ ಅವರ 3,527. ಏಕೆಂದರೆ ಆ ಕಾಲದಲ್ಲಿ ಕಾಲೇಜು ಹೆಣ್ಣುಮಕ್ಕಳ ಪಂದ್ಯಗಳನ್ನು ನಡೆಸುತ್ತಿದ್ದದ್ದು ಎಐಎಡಬ್ಲ್ಯೂ ಎಂಬ ಬೇರೊಂದು ಸಂಸ್ಥೆ. ದೊಡ್ಡ ಸಂಸ್ಥೆಯಾದ ಎನ್‌ಸಿಎಎ ತಾನೇ ಮಹಿಳಾ ಪಂದ್ಯಾವಳಿ ಆರಂಭಿಸಿದ್ದು 1982ರಲ್ಲಿ. ಚಿಕ್ಕ ಸಂಸ್ಥೆ ಬಾಗಿಲು ಮುಚ್ಚಿತು, ಅದರ ಲೆಕ್ಕ ಹೊಸ ಪುಸ್ತಕಕ್ಕೆ ಬರಲಿಲ್ಲ. ವುಡರ್ಡ್ ಆಡಿದ್ದು ಗಂಡಸರ ದೊಡ್ಡ ಚೆಂಡಿನಲ್ಲಿ. ಹೆಣ್ಣುಮಕ್ಕಳಿಗೆ ಸಣ್ಣ ಚೆಂಡು ಬಂದದ್ದು 1984ರ ನಂತರ. ಮೂರು ಅಂಕದ ಗೆರೆ ಅವರಿಗೂ ಇರಲಿಲ್ಲ. ಫೆಬ್ರವರಿ 28ರಂದು ಕ್ಲಾರ್ಕ್ 3,649ನ್ನೂ ದಾಟಿದರು. ಮಾರ್ಚ್ 3ರ ಪಂದ್ಯಕ್ಕೆ ಸ್ವತಃ ವುಡರ್ಡ್ ಬಂದು ಕೂತಿದ್ದರು. ಹೊಸಬಳು ಬಂದು ಹಳಬಳನ್ನು ಅಳಿಸುತ್ತಾಳೆ ಎಂದುಕೊಂಡಿದ್ದೆ. ಇಲ್ಲಿ ಆದದ್ದು ತಿರುಗಾಮುರುಗಾ. ಆ ಹುಡುಗಿ ಬೆನ್ನಟ್ಟಿ ಬಂದದ್ದರಿಂದಲೇ ವುಡರ್ಡ್ ಹೆಸರು ನಲವತ್ತು ವರ್ಷದ ನಂತರ ಮನೆಮನೆಗೆ ತಲುಪಿತು. ಅವರಿಗಿಂತಲೂ ಹೆಚ್ಚು, 4,061 ಅಂಕ ಗಳಿಸಿದ್ದ ಪರ್ಲ್ ಮೂರ್ ಅವರದು ಸಣ್ಣ ಕಾಲೇಜು. ಅವರ ಹೆಸರು ಇನ್ನೂ ಅಷ್ಟು ದೂರ ಬಂದಿಲ್ಲ.

ಲೂಸಿಯಾ ಹ್ಯಾರಿಸ್ ಅವರದು ಇನ್ನೊಂದು ಕತೆ. ಮಿಸಿಸಿಪ್ಪಿಯ ಡೆಲ್ಟಾ ಸ್ಟೇಟ್ ಕಾಲೇಜಿಗೆ 1975ರಿಂದ ಸತತ ಮೂರು ಸಲ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟವರು. 1976ರಲ್ಲಿ ಒಲಿಂಪಿಕ್ಸ್‌ಗೆ ಮಹಿಳಾ ಬಾಸ್ಕೆಟ್‌ಬಾಲ್ ಮೊದಲ ಬಾರಿ ಸೇರಿದಾಗ ಮೊಟ್ಟಮೊದಲ ಬುಟ್ಟಿ ಹಾಕಿದವರೂ ಅವರೇ. 1977ರಲ್ಲಿ ಗಂಡಸರ ವೃತ್ತಿಪರ ತಂಡವಾದ ನ್ಯೂ ಆರ್ಲಿಯನ್ಸ್ ಜಾಝ್ ಅವರನ್ನು ಆಯ್ಕೆ ಮಾಡಿತ್ತು, ಅವರು ಹೋಗಲಿಲ್ಲ. ಆಗ ಹೆಣ್ಣುಮಕ್ಕಳಿಗೆ ಕಾಲೇಜಿನ ನಂತರ ಆಡಲು ಜಾಗವೇ ಇಲ್ಲದಂತಿತ್ತು. ಊರಿಗೆ ಮರಳಿ ಶಾಲೆಯಲ್ಲಿ ಪಾಠ ಹೇಳಿದರು, ಮಕ್ಕಳಿಗೆ ಆಟ ಕಲಿಸಿದರು. ಅವರ ಬಗ್ಗೆ ತೆಗೆದ ಕಿರು ಸಾಕ್ಷ್ಯಚಿತ್ರಕ್ಕೆ 2022ರ ಮಾರ್ಚ್‌ನಲ್ಲಿ ಆಸ್ಕರ್ ಬಂತು. ಅವರು ಜನವರಿ 18ರಂದೇ ತೀರಿಕೊಂಡಿದ್ದರು.

ಇದನ್ನೆಲ್ಲ ಓದಿದ ಮೇಲೆ ನಾನು ನಮ್ಮ ಶಾಲೆಯ ಕಚೇರಿಯ ಗಾಜಿನ ಕಪಾಟಿನ ಮುಂದೆ ಹೋಗಿ ನಿಂತೆ. ಕಪ್‌ಗಳು, ಶೀಲ್ಡ್‌ಗಳು ಬೇಕಾದಷ್ಟಿವೆ. ಅವುಗಳ ಮೇಲೆ ಶಾಲೆಯ ಹೆಸರಿದೆ, ಕೊಟ್ಟ ದಾನಿಗಳ ಹೆಸರಿದೆ. ಆಡಿದವರ ಹೆಸರು ಮಾತ್ರ ಯಾವುದರ ಮೇಲೂ ಇಲ್ಲ. ಹೆಣ್ಣುಮಕ್ಕಳ ಥ್ರೋಬಾಲ್ ತಂಡದ ಒಂದು ಶೀಲ್ಡ್ ಹಿಂದಿನ ಸಾಲಿನಲ್ಲಿತ್ತು, ಇಸವಿ ಉಜ್ಜಿಹೋಗಿದೆ. ಅದನ್ನು ಒರೆಸುತ್ತಿದ್ದಾಗ ನಮ್ಮ ಆಯಾ, "ಅದರಲ್ಲಿ ಆಡಿದವಳೊಬ್ಬಳು ನಿಮ್ಮ ಎಂಟನೇ ಕ್ಲಾಸಿನ ಹುಡುಗಿಯ ತಾಯಿ ಅಲ್ಲವಾ?" ಎಂದರು. ಹುಡುಗಿಯನ್ನು ಕರೆದು ಕೇಳಿದೆ. "ಅಮ್ಮೀ ಆಡ್ತಿದ್ರಾ?" ಎಂದು ಅವಳೇ ನನ್ನನ್ನು ಕೇಳಿದಳು.

ಮರುದಿನವೇ ಒಂದು ಇನ್ನೂರು ಪುಟದ ಪುಸ್ತಕ ತಂದು ಗೆರೆ ಎಳೆದಿದ್ದೇನೆ. ಇಂದು ಬಹುಮಾನ ಪಡೆದ ಎಲ್ಲರೂ ಮನೆಗೆ ಹೋಗುವ ಮುನ್ನ ಅದರಲ್ಲಿ ತಮ್ಮ ಹೆಸರು, ತರಗತಿ, ಆಟ ಬರೆದು ಹೋಗಬೇಕು, ಕನ್ನಡದಲ್ಲಾದರೂ ಸರಿ, ಉರ್ದುವಿನಲ್ಲಾದರೂ ಸರಿ. ಹಿಂದಿನದನ್ನು ತುಂಬಿಸಲು ಹಳೆಯ ವಿದ್ಯಾರ್ಥಿಗಳ ಸಹಾಯ ಬೇಕು. ಆ ಥ್ರೋಬಾಲ್ ತಂಡದ ಏಳು ಜನರಲ್ಲಿ ನಾಲ್ವರ ಹೆಸರು ಆ ತಾಯಿಯಿಂದ ಸಿಕ್ಕಿದೆ. ಉಳಿದ ಮೂವರಲ್ಲಿ ಒಬ್ಬರು ಎಡಗೈಯಲ್ಲಿ ಸರ್ವಿಸ್ ಮಾಡುತ್ತಿದ್ದರಂತೆ. ಅವರನ್ನು ಬಲ್ಲವರು ಈ ಸಭೆಯಲ್ಲಿದ್ದರೆ, ಚಹಾದ ಹೊತ್ತಿನಲ್ಲಿ ನನ್ನನ್ನು ಕಾಣಬೇಕು. ಪುಸ್ತಕ ನನ್ನ ಕೈಯಲ್ಲೇ ಇರುತ್ತದೆ.