ಅವರ ಹೆಸರಿನ ಚೀಟಿ



ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಯಾವುದಾದರೂ ತಾಲ್ಲೂಕು ಆಸ್ಪತ್ರೆಗೆ ಹೋಗಿ ನೋಡಿ. ಚೀಟಿ ಮಾಡಿಸುವ ಸಾಲಿನಲ್ಲಿ ಗಂಡಸರಿಗೇನೂ ಕೊರತೆಯಿಲ್ಲ. ಒಬ್ಬರು ತಾಯಿಯ ಮಂಡಿನೋವಿಗೆ ಬಂದಿರುತ್ತಾರೆ, ಇನ್ನೊಬ್ಬರು ಮಗುವಿನ ಜ್ವರಕ್ಕೆ, ಮತ್ತೊಬ್ಬರು ಹೆಂಡತಿಯ ಸ್ಕ್ಯಾನಿಂಗಿಗೆ. ಫೈಲು ಹಿಡಿದು ಓಡಾಡಿ, ಔಷಧಿ ತಂದು, ಎಳನೀರು ಕುಡಿಸಿ, ಜೋಪಾನವಾಗಿ ಬಸ್ಸು ಹತ್ತಿಸುತ್ತಾರೆ. ಅವರ ಸ್ವಂತ ಹೆಸರಿನ ಚೀಟಿ ಮಾತ್ರ ಆ ಕಿಟಕಿಯಲ್ಲಿ ಎಷ್ಟೋ ವರ್ಷಗಳಿಂದ ಆಗಿರುವುದಿಲ್ಲ. "ನೀವೂ ಒಂದ್ಸಲ ಬಿ.ಪಿ. ತೋರಿಸ್ಕೊಳ್ಳಿ ಅಂದ್ರೆ" ಎಂದು ಹೆಂಡತಿ ಹೇಳಿದರೆ, "ನನಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ" ಎಂಬ ಉತ್ತರ ಸಿದ್ಧವಾಗಿರುತ್ತದೆ.

ಈ ಮಾತಿನಲ್ಲಿ ಜಂಬಕ್ಕಿಂತ ಹೆದರಿಕೆಯೇ ಹೆಚ್ಚು ಎಂದು ನನಗನ್ನಿಸುತ್ತದೆ. ಪರೀಕ್ಷೆ ಮಾಡಿಸಿ, ಏನೋ ಇದೆ ಅಂದುಬಿಟ್ಟರೆ? ಮಗಳ ಮದುವೆ, ಮನೆಯ ಸಾಲ, ಕೊಳವೆಬಾವಿಯ ಕಂತು ಹೆಗಲ ಮೇಲಿರುವಾಗ ಕಾಯಿಲೆ ಬೀಳಲು ಪುರುಸೊತ್ತೆಲ್ಲಿ? ತಿಳಿಯದಿದ್ದರೆ ವಾಸಿ ಎಂದು ಮನಸ್ಸು ಲೆಕ್ಕ ಹಾಕುತ್ತದೆ. ಆದರೆ ರಕ್ತದೊತ್ತಡ ನಮ್ಮ ಪುರುಸೊತ್ತಿಗೆ ಕಾಯುವುದಿಲ್ಲ. 140/90 ದಾಟಿ ವರ್ಷಗಟ್ಟಲೆ ಇದ್ದರೂ ಎಷ್ಟೋ ಜನರಿಗೆ ಒಂದು ತಲೆನೋವೂ ಬಾರದು. ಅಷ್ಟರಲ್ಲಿ ಹೃದಯ, ಮೂತ್ರಪಿಂಡ, ಕಣ್ಣು ಒಳಗೊಳಗೇ ಸವೆಯುತ್ತಿರುತ್ತವೆ. ಸಕ್ಕರೆ ಕಾಯಿಲೆಯ ರೀತಿಯೂ ಹೆಚ್ಚುಕಡಿಮೆ ಇದೇ.

2021ರ ಅಕ್ಟೋಬರ್ 29ರಂದು ಚಿತ್ರನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ 46 ವರ್ಷ. ಅಷ್ಟೊಂದು ಕಸರತ್ತು ಮಾಡುವವರಿಗೇ ಹೀಗಾದರೆ ನಾವು ಏನು ಮಾಡಿ ಏನು ಫಲ ಎಂದು ಹಲವರು ಕೈಚೆಲ್ಲಿದರು. ಅದನ್ನು ನಾನು ಒಪ್ಪುವುದಿಲ್ಲ. ಮೈಕಟ್ಟು ನೋಡಿ ಎದೆಯೊಳಗಿನ ಸಂಗತಿ ಹೇಳಲಾಗದು ಎನ್ನುವುದನ್ನು ಆ ಸಾವು ಕಲಿಸಬೇಕಿತ್ತು. ಅವರ ಹೆಸರಿನಲ್ಲೇ ರಾಜ್ಯ ಸರ್ಕಾರ ಹೃದಯಜ್ಯೋತಿ ಯೋಜನೆ ತಂದಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡಿ, ಹೃದಯಾಘಾತವೆಂದು ಖಚಿತವಾದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಎಷ್ಟು ಬೇಗ ಕೊಟ್ಟರೆ ಅಷ್ಟು ಹೃದಯ ಉಳಿಯುತ್ತದೆ. ಆದರೆ ಎದೆ ಹಿಂಡಿದಂತಾಗಿ, ನೋವು ಎಡಗೈಗೋ ದವಡೆಗೋ ಹರಿದು, ಮೈ ತಣ್ಣಗೆ ಬೆವರುತ್ತಿದ್ದರೂ "ಗ್ಯಾಸ್ ಇರಬೇಕು, ಸೋಡಾ ಕುಡಿದರೆ ಸರಿಹೋಗುತ್ತೆ" ಎಂದು ಮಲಗಿದವರಿಗೆ ಆ ಮದ್ದು ಹೇಗೆ ದಕ್ಕೀತು? ಆಗ ಮಾಡಬೇಕಾದದ್ದು 108ಕ್ಕೆ ಕರೆ. ತಾವೇ ಬೈಕ್ ಓಡಿಸಿಕೊಂಡು ಹೋಗುವುದಂತೂ ಬೇಡವೇ ಬೇಡ.

ಮನಸ್ಸಿನ ನೋವಿನ ವಿಷಯದಲ್ಲಿ ಗಂಡಸು ಇನ್ನೂ ಮೌನಿ. ಬಿದ್ದು ಮಂಡಿ ತರಚಿಕೊಂಡ ಹುಡುಗನಿಗೆ "ಗಂಡಸಾಗಿ ಅಳ್ತೀಯೇನೋ" ಎಂದು ಗದರಿದವರು ನಾವೇ ಅಲ್ಲವೆ? ನಮ್ಮ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಳ್ಳುವ ಹತ್ತು ಮಂದಿಯಲ್ಲಿ ಏಳು ಜನ ಗಂಡಸರು ಎನ್ನುತ್ತವೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಗಳು. ಹೇಳಿಕೊಳ್ಳಲು ಯಾರೂ ಇಲ್ಲ ಎನಿಸಿದಾಗ ಟೆಲಿ-ಮಾನಸ್ ಸಹಾಯವಾಣಿ ಇದೆ. ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೇ, ಖರ್ಚಿಲ್ಲದೆ ಮಾತಾಡಬಹುದು. ದಯವಿಟ್ಟು ಬರೆದಿಟ್ಟುಕೊಳ್ಳಿ.

ಗಂಡಸರನ್ನು ಆಸ್ಪತ್ರೆಗೆ ಹೊರಡಿಸಲು ನಾವು ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: "ನಿಮಗೇನಾದ್ರೂ ಆದ್ರೆ ಮನೆ ಗತಿ ಏನು?" ಪ್ರೀತಿಯ ಮಾತೇ ನಿಜ. ಆದರೂ ನನಗೆ ಅದು ಸಾಲದು ಎನಿಸುತ್ತದೆ. ದುಡಿಯುವ ಕೈ ಎಂಬ ಕಾರಣಕ್ಕೆ ಮಾತ್ರ ಒಂದು ಜೀವಕ್ಕೆ ಬೆಲೆಯೆ? ಹಾಗೆ ನಂಬಿ ಬದುಕಿದ ಮನುಷ್ಯ ನಿವೃತ್ತನಾದ ಮೇಲೆ, ಹೊಲ ಮಗನ ಕೈಗೆ ಹೋದ ಮೇಲೆ, ಇನ್ನು ತನಗಾಗಿ ಖರ್ಚು ಮಾಡುವುದೇ ದಂಡ ಎಂದುಕೊಳ್ಳುತ್ತಾನೆ. ತಿಂಗಳಿಗೆ ತಂದ ಬಿ.ಪಿ. ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗಿ ಎರಡು ತಿಂಗಳಿಗೆ ಎಳೆಯುತ್ತಾನೆ, ಯಾರಿಗೂ ಹೇಳುವುದಿಲ್ಲ. ಅಂಥ ಅಪ್ಪ, ಅಂಥ ಅಜ್ಜ ಮನೆಯಲ್ಲಿದ್ದರೆ ಇವತ್ತು ಅವರ ಪಕ್ಕ ಕೂತು ಮಾತ್ರೆಗಳನ್ನು ಎಣಿಸಿ ನೋಡಿ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿ.ಪಿ., ಸಕ್ಕರೆಯ ಮಾತ್ರೆ ಉಚಿತವಾಗಿ ಕೊಡುತ್ತಾರೆ, ಜನೌಷಧಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ ಎಂದು ತಿಳಿಸಿ. "ದಿನಾ ತಗೊಳ್ಳಿ ಅಪ್ಪಾ, ನೀವು ಚೆನ್ನಾಗಿರಬೇಕು" ಎಂದು ಬಾಯಿಬಿಟ್ಟು ಹೇಳಿ.