ದನದ ಬೇನೆ, ಬಯಲಿನ ಬಾಳು

ನಾನು ಚಿಕ್ಕವನಾಗಿದ್ದಾಗ ನಮ್ಮ ಹಳ್ಳಿಯ ಹಿರಿಯರು ಒಂದು ಮಾತನ್ನು ದನಿ ತಗ್ಗಿಸಿ ಆಡುತ್ತಿದ್ದರು. ಅದು ‘ದೊಡ್ಡರೋಗ’ ಎಂಬ ಮಾತು. ಮನುಷ್ಯರಿಗೆ ಬರುವ ರೋಗವಲ್ಲ ಅದು, ದನಗಳಿಗೆ ಬರುತ್ತಿದ್ದುದು. ಜ್ವರ ಬಂದು, ಬಾಯಿ ಹುಣ್ಣಾಗಿ, ಕಣ್ಣು ಮೂಗು ಸೋರಿ, ಭೇದಿ ಹತ್ತಿ, ವಾರ ಹತ್ತು ದಿನಗಳೊಳಗೆ ಹಟ್ಟಿಗೆ ಹಟ್ಟಿಯೇ ಬರಿದಾಗುತ್ತಿದ್ದಿತು. ಊರಿಗೆ ಊರೇ ಮಾರಿಗೆ ಹರಕೆ ಹೊತ್ತ ಕಥೆಯನ್ನು ನನ್ನ ಅಜ್ಜಿ ಹೇಳುತ್ತಿದ್ದರು. ನಮ್ಮ ಕಾಲಕ್ಕೆ ಸರ್ಕಾರದ ಪಶುವೈದ್ಯರು ಬಂದು, ಊರ ದನಗಳನ್ನೆಲ್ಲ ತೋಪಿನಲ್ಲಿ ಕೂಡಿಸಿ, ಸೂಜಿಮದ್ದು ಹಾಕಿ ಹೋಗುತ್ತಿದ್ದರು. ಇಂಗ್ಲಿಷಿನವರು ರಿಂಡರ್‌ಪೆಸ್ಟ್ ಎಂದು ಕರೆಯುವುದು ಈ ರೋಗವನ್ನೇ ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ಆಫ್ರಿಕದ ವನ್ಯಮೃಗಗಳನ್ನು ಕುರಿತ ಒಂದು ಗ್ರಂಥವನ್ನು ಓದುತ್ತಿದ್ದಾಗ. ಸಿಂಹ, ಆನೆ, ಜಿರಾಫೆಗಳ ಪುಸ್ತಕದಲ್ಲಿ ನಮ್ಮ ಹಟ್ಟಿಯ ರೋಗಕ್ಕೇನು ಕೆಲಸ ಎಂದು ಬೆರಗಾದೆನು. ಆ ಬೆರಗಿನ ಕಥೆಯನ್ನೇ ಈ ಹೊತ್ತು ನಿಮಗೆ ಹೇಳಹೊರಟಿದ್ದೇನೆ.

ಸಹಾರಾ ಮರುಭೂಮಿಗೆ ದಕ್ಷಿಣದಲ್ಲಿರುವ ಆಫ್ರಿಕದ ಬಹುಭಾಗಕ್ಕೆ 19ನೆಯ ಶತಮಾನದ ಕೊನೆಯವರೆಗೂ ಈ ರೋಗ ಅಪರಿಚಿತವಾಗಿದ್ದಿತು. 1887ರ ಸುಮಾರಿನಲ್ಲಿ ಕೆಂಪು ಸಮುದ್ರದ ಮಸಾವಾ ಬಂದರಿನಲ್ಲಿ ಇಟಲಿಯ ಸೈನ್ಯದ ಬಳಕೆಗೆಂದು ಇಳಿಸಿದ ದನಗಳೊಡನೆ ಅದು ಒಳನಾಡನ್ನು ಹೊಕ್ಕಿತು. ಆ ದನಗಳು ಭಾರತದ ಕಡೆಯಿಂದ ಹೋದವೆಂಬುದು ಹಲವು ಇತಿಹಾಸಕಾರರ ಅಭಿಪ್ರಾಯ. ಹತ್ತು ವರ್ಷಗಳೊಳಗೆ ರೋಗ ಖಂಡದ ದಕ್ಷಿಣ ತುದಿಯನ್ನು ಮುಟ್ಟಿತು. ಅದು ಹಾದುಹೋದ ಸೀಮೆಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ದನಗಳು ಸತ್ತುವು. ಉಳುವ ಎತ್ತುಗಳಿಲ್ಲದೆ ಇಥಿಯೋಪಿಯ ದೇಶ 1888ರಿಂದ 1892ರವರೆಗೆ ಘೋರ ಕ್ಷಾಮಕ್ಕೆ ಸಿಕ್ಕಿತು. ಇಂದಿನ ಕೀನ್ಯ, ತಾಂಜಾನಿಯಗಳ ಬಯಲಿನಲ್ಲಿ ದನ ಮೇಯಿಸಿಕೊಂಡಿದ್ದ ಮಾಸಾಯಿ ಜನ ಹಸಿವಿನಿಂದಲೂ ಜೊತೆಗೆ ಬಂದ ಸಿಡುಬಿನಿಂದಲೂ ರಾಶಿ ರಾಶಿಯಾಗಿ ಮಡಿದರು. ಆ ಕಾಲಕ್ಕೆ ಅವರು ಕೊಟ್ಟ ಹೆಸರು ‘ಎಮುತಾಯ್’. ಎಲ್ಲವೂ ಅಳಿಸಿಹೋದ ಕಾಲ ಎಂದು ಅದರ ಭಾವ. ನಮ್ಮ ‘ದನ’ ಎಂಬ ಮಾತು ‘ಧನ’ದ ತದ್ಭವ. ತುರುಗೋಳಿನಲ್ಲಿ ಮಡಿದವನಿಗೆ ವೀರಗಲ್ಲು ನಿಲ್ಲಿಸಿದ ನಾಡಿನವರು ನಾವು. ಭೂಮಿಯ ಮೇಲಿನ ದನವೆಲ್ಲವನ್ನೂ ದೇವರು ತಮಗೇ ಕೊಟ್ಟನೆಂದು ನಂಬಿದ ಆ ಜನದ ದುಃಖವನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ರೋಗ ಹಟ್ಟಿಯಲ್ಲಿಯೇ ನಿಲ್ಲಲಿಲ್ಲ. ಗೊರಸು ಸೀಳಿದ, ಮೆಲುಕು ಹಾಕುವ ಕಾಡುಪ್ರಾಣಿಗಳಿಗೂ ಅದು ತಗುಲಿತು. ಕಾಡೆಮ್ಮೆಗಳು ಸತ್ತುವು, ವೈಲ್ಡ್‌ಬೀಸ್ಟ್ ಎಂಬ ಗಡ್ಡದ ಜಿಂಕೆಗಳು ಸತ್ತುವು. ವೈಲ್ಡ್‌ಬೀಸ್ಟ್ ಎಂದರೆ ಡಚ್ಚರ ನುಡಿಯಲ್ಲಿ ಕಾಡುದನವೆಂದೇ ಅರ್ಥ. ದನವೂ ಇಲ್ಲದೆ, ದನಗಾಹಿಯೂ ಇಲ್ಲದೆ ಹೋದ ನೆಲದಲ್ಲಿ ಪೊದೆ ಬೆಳೆಯಿತು. ಪೊದೆಯಲ್ಲಿ ತ್ಸೆತ್ಸೆ ಎಂಬ ನೊಣ ಹೆಚ್ಚಿತು. ಮನುಷ್ಯರಿಗೆ ನಿದ್ರಾರೋಗವನ್ನೂ ದನಗಳಿಗೆ ಸಾವನ್ನೂ ತರುವ ಆ ನೊಣಕ್ಕೆ ಹೆದರಿ ಜನ ಮತ್ತಷ್ಟು ದೂರ ಸರಿದರು. ಅನಂತರ ಬಂದ ಯೂರೋಪಿನ ಅಧಿಕಾರಿಗಳ ಕಣ್ಣಿಗೆ ಬಿದ್ದದ್ದು ಈ ನೆಲ. ಇದು ಸೃಷ್ಟಿಯ ಆದಿಯಿಂದಲೂ ಹೀಗೆಯೇ ನಿರ್ಜನವಾಗಿದ್ದ ಅರಣ್ಯವೆಂದು ಅವರಲ್ಲಿ ಅನೇಕರು ಬಗೆದರು. ಬರಿದಾಗಿ ಹೋದದ್ದನ್ನು ಮೊದಲಿನಿಂದಲೂ ಬರಿದಾಗಿದ್ದುದೆಂದು ಓದಿದರು. ಹಳೆಯ ಗ್ರಂಥಗಳ ಪಾಠವನ್ನು ನಿರ್ಣಯಿಸುವವರಿಗೆ ಈ ಬಗೆಯ ತಪ್ಪು ಪರಿಚಿತವಾದದ್ದೇ: ಗೆದ್ದಲು ತಿಂದು ಹೋದ ಓಲೆಯ ಜಾಗವನ್ನು ಕವಿ ಬರೆಯದೆ ಬಿಟ್ಟ ಜಾಗವೆಂದು ತಿಳಿಯುವಂಥದು.

ತಾಂಜಾನಿಯದ ಉತ್ತರ ಭಾಗದಲ್ಲಿ ಸೆರೆಂಗೆಟಿ ಎಂಬ ಮಹಾ ಬಯಲಿದೆ. 1951ರಲ್ಲಿ ಅದನ್ನು ರಾಷ್ಟ್ರೀಯ ಉದ್ಯಾನವೆಂದು ಸಾರಲಾಯಿತು. ಅಲ್ಲಿ ಎಷ್ಟು ಮೃಗಗಳಿವೆ ಎಂದು ತಿಳಿಯಲು ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮೃಗಾಲಯದ ಮುಖ್ಯಸ್ಥ ಬರ್ನ್‌ಹಾರ್ಡ್ ಗ್ರ್ಜಿಮೆಕ್ ಮತ್ತು ಅವರ ಮಗ ಮೈಕೇಲ್ ಹೊರಟರು. ಕಾಡುಕತ್ತೆಯಂತೆ ಪಟ್ಟೆ ಬಳಿದ ಒಂದು ಪುಟ್ಟ ವಿಮಾನದಲ್ಲಿ ಕುಳಿತು 1958ರಲ್ಲಿ ಬಯಲನ್ನೆಲ್ಲ ಎಣಿಸಿದರು. ಸುಮಾರು 1 ಲಕ್ಷ ವೈಲ್ಡ್‌ಬೀಸ್ಟ್‌ಗಳು ಅವರ ಲೆಕ್ಕಕ್ಕೆ ಸಿಕ್ಕವು. 1959ರ ಜನವರಿಯಲ್ಲಿ ಆ ವಿಮಾನಕ್ಕೆ ಒಂದು ರಣಹದ್ದು ಬಡಿದು, ಇಪ್ಪತ್ತನಾಲ್ಕರ ಹರೆಯದ ಮೈಕೇಲ್ ಮರಣ ಹೊಂದಿದನು. ಮಗನನ್ನು ಅಲ್ಲಿಯ ಮಣ್ಣಿಗೆ ಒಪ್ಪಿಸಿದ ತಂದೆ, ಸೆರೆಂಗೆಟಿ ಸಾಯಬಾರದು ಎಂಬ ಹೆಸರಿನಿಂದಲೇ ಬರೆದ ಪುಸ್ತಕವೂ ತೆಗೆದ ಚಲನಚಿತ್ರವೂ ಲೋಕದ ಮನಸ್ಸನ್ನು ಕಲಕಿದವು. ಆ ತಂದೆಯ ಪ್ರೀತಿಯನ್ನು ಯಾರೂ ಶಂಕಿಸಲಾರರು. ಆದರೆ ಮೃಗಗಳ ಉದ್ಯಾನದಲ್ಲಿ ದನಕ್ಕೂ ದನಗಾಹಿಗೂ ಎಡೆಯಿಲ್ಲವೆಂಬುದು ಅವರ ದೃಢವಾದ ನಂಬಿಕೆಯಾಗಿದ್ದಿತು. ಅದೇ 1959ರಲ್ಲಿ ಉದ್ಯಾನದ ಎಲ್ಲೆಯನ್ನು ಹೊಸದಾಗಿ ಎಳೆದು, ಮಾಸಾಯಿಗಳನ್ನು ಸೆರೆಂಗೆಟಿಯಿಂದ ಹೊರಗೆ ಕಳುಹಿಸಿದರು.

ಇಲ್ಲಿಂದ ಮುಂದಿನದು ಎಣಿಕೆಯ ಕಥೆ. 1961ರಲ್ಲಿ ಮತ್ತೊಮ್ಮೆ ಎಣಿಸಿದಾಗ ವೈಲ್ಡ್‌ಬೀಸ್ಟ್‌ಗಳು 2 ಲಕ್ಷ 60 ಸಾವಿರಕ್ಕೆ ಸ್ವಲ್ಪ ಮೇಲಿದ್ದುವು. ಆಮೇಲೆ ಪ್ರತಿ ಎಣಿಕೆಯಲ್ಲಿಯೂ ಸಂಖ್ಯೆ ಏರತೊಡಗಿತು. 1977ರ ವೇಳೆಗೆ ಅವು 13 ಲಕ್ಷವನ್ನು ದಾಟಿದ್ದುವು. ಕಾಡೆಮ್ಮೆಗಳೂ ಹಾಗೆಯೇ ಹೆಚ್ಚಿದುವು. ಏನಿದರ ಕಾರಣ? 1965ರಲ್ಲಿ ಅಲ್ಲಿಗೆ ಹೋದ ಆಂಟನಿ ಸಿಂಕ್ಲೇರ್ ಎಂಬ ತರುಣ ವಿಜ್ಞಾನಿ ಈ ಪ್ರಶ್ನೆಯ ಬೆನ್ನು ಹತ್ತಿದರು. ಬೇಟೆ ನಿಂತದ್ದು ಕಾರಣವೆ? ಸಿಂಹಗಳು ಕಡಿಮೆಯಾದುವೆ? ಮಳೆ ಹೆಚ್ಚಿತೆ? ಉತ್ತರಕ್ಕೆ ದಾರಿ ತೋರಿದ್ದು ಕಾಡುಕತ್ತೆ, ಎಂದರೆ ಜೀಬ್ರ. ಅದೇ ಬಯಲು, ಅದೇ ಹುಲ್ಲು, ಅದೇ ಮಳೆ, ಅದೇ ಸಿಂಹ. ಆದರೆ ಜೀಬ್ರಗಳು ಮಾತ್ರ ಸುಮಾರು 2 ಲಕ್ಷದಲ್ಲಿಯೇ ನಿಂತಿದ್ದುವು. ಜೀಬ್ರ ಕುದುರೆಯ ಜಾತಿಯದು, ಮೆಲುಕು ಹಾಕುವುದಿಲ್ಲ. ಅದಕ್ಕೆ ದೊಡ್ಡರೋಗ ಬರುವುದಿಲ್ಲ. ವೈಲ್ಡ್‌ಬೀಸ್ಟ್‌ಗಳ ರಕ್ತವನ್ನು ಪರೀಕ್ಷಿಸಿದಾಗ ಸಂದೇಹ ಹರಿಯಿತು. 1963ಕ್ಕೆ ಮುಂಚೆ ಹುಟ್ಟಿದವುಗಳ ರಕ್ತದಲ್ಲಿ ರೋಗ ತಗುಲಿ ಹೋದ ಗುರುತು ಇದ್ದಿತು. ಆಮೇಲೆ ಹುಟ್ಟಿದವುಗಳಲ್ಲಿ ಇರಲಿಲ್ಲ. ಎಳೆಗರುಗಳನ್ನು ವರ್ಷವರ್ಷವೂ ಕೊಲ್ಲುತ್ತಿದ್ದ ರೋಗ ಆ ವರ್ಷ ಬಯಲನ್ನು ಬಿಟ್ಟು ಹೋಗಿದ್ದಿತು. 1970ರ ದಶಕದಲ್ಲಿ ಬೇಸಗೆಯ ಮಳೆ ಚೆನ್ನಾಗಿ ಬಿದ್ದುದೂ ನೆರವಾಯಿತು. ಮೂಲಕಾರಣ ಮಾತ್ರ ಇದು.

ರೋಗವನ್ನು ಓಡಿಸಿದವರಾರು? ಉದ್ಯಾನದ ಕಾವಲುಗಾರರಲ್ಲ. ಕೀನ್ಯದ ಮುಗುಗ ಎಂಬಲ್ಲಿಯ ಪ್ರಯೋಗಶಾಲೆಯಲ್ಲಿ ವಾಲ್ಟರ್ ಪ್ಲೌರೈಟ್ ಎಂಬ ಪಶುವೈದ್ಯರು ತಮ್ಮ ಜೊತೆಗಾರರೊಡನೆ ಅಗ್ಗವೂ ನಿರಪಾಯವೂ ಆದ ಒಂದು ಲಸಿಕೆಯನ್ನು ಸಿದ್ಧಪಡಿಸಿದ್ದರು. ಅದನ್ನು ಚುಚ್ಚಿದ್ದು ಒಂದು ಕಾಡುಮೃಗಕ್ಕೂ ಅಲ್ಲ. ಸುತ್ತಣ ದನಗಾಹಿಗಳ ಹಸುಕರುಗಳಿಗೆ. ಕಾಡುಮೃಗಗಳಿಂದ ದನಕ್ಕೆ ರೋಗ ಬರುತ್ತದೆಂದು ಹಲವರು ತಿಳಿದಿದ್ದರು. ದನಗಳಲ್ಲಿ ರೋಗ ನಿಂತೊಡನೆ ಕಾಡಿನಲ್ಲಿ ಅದು ತಾನಾಗಿಯೇ ನಂದಿತು. ಬಯಲಿನ ಬಾಗಿಲಲ್ಲಿದ್ದ ಹಟ್ಟಿಯನ್ನು ಕಾಪಾಡಿದ್ದರಿಂದ ಬಯಲೇ ಉಳಿಯಿತು.

ಇದರ ಫಲ ಎಲ್ಲಿಯವರೆಗೆ ಹಬ್ಬಿತೆಂಬುದನ್ನು ಕೇಳಿ. ಹತ್ತು ಲಕ್ಷಕ್ಕೂ ಮಿಕ್ಕ ಬಾಯಿಗಳು ಹುಲ್ಲನ್ನು ಮೇಯ್ದುವು. ಒಣಹುಲ್ಲು ಉಳಿಯದೆ ಕಾಳ್ಗಿಚ್ಚು ತಗ್ಗಿತು. ಕಿಚ್ಚು ತಗ್ಗಿದ್ದರಿಂದ ಸಸಿಗಳು ಬದುಕಿ ಮರಗಳಾದುವು. ಮೇವು ಹೆಚ್ಚಿದ್ದರಿಂದ ಸಿಂಹಗಳೂ ಕತ್ತೆಕಿರುಬಗಳೂ ಹೆಚ್ಚಿದುವು. ಮರ ಬೆಳೆದು, ಬೆಂಕಿ ಇಳಿದು, ಆ ಬಯಲು ಗಾಳಿಗೆ ಇಂಗಾಲವನ್ನು ಬಿಡುವುದರ ಬದಲು ಹೀರಿಕೊಳ್ಳುವ ನೆಲವಾಯಿತೆಂದು 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಹಸುವಿನ ಮೈಗೆ ನೆಟ್ಟ ಸೂಜಿಗೂ ಬಯಲಿನ ಮರಕ್ಕೂ ನಂಟಿದೆ ಎಂದು ಯಾವ ಕಣ್ಣು ತಾನೆ ಕಂಡೀತು? ವರ್ಷ ವರ್ಷ ಕುಳಿತು ಎಣಿಸಿದವರಿಗೆ ಮಾತ್ರ ಅದು ಕಂಡಿತು.

ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ವೈಲ್ಡ್‌ಬೀಸ್ಟ್ ಕರುಹಾಕುವ ತಿಂಗಳುಗಳಲ್ಲಿ ಮಾಸಾಯಿಗಳು ತಮ್ಮ ದನಗಳನ್ನು ಆ ಹುಲ್ಲುಗಾವಲಿನಿಂದ ದೂರ ಹೊಡೆದುಕೊಂಡು ಹೋಗುತ್ತಾರೆ. ಆ ಕರುಗಳ ಬಳಿ ಮೇಯ್ದ ದನಗಳಿಗೆ ಬೇರೊಂದು ಮಾರಕ ಜ್ವರ ಬರುತ್ತದೆಂದು ಅವರು ತಲೆಮಾರುಗಳಿಂದ ಬಲ್ಲರು. 1960ರ ಸುಮಾರಿನಲ್ಲಿ ಆ ಜ್ವರದ ವೈರಸ್ಸನ್ನು ವೈಲ್ಡ್‌ಬೀಸ್ಟ್‌ಗಳಲ್ಲಿ ಕಂಡು, ಅವರ ತಿಳಿವು ದಿಟವೆಂದು ತೋರಿಸಿದವರೂ ಇದೇ ಪ್ಲೌರೈಟರು. ಕಾಡುಪ್ರಾಣಿಯನ್ನು ಕೊಲ್ಲದೆ, ಅದಕ್ಕೆ ಎಡೆಮಾಡಿಕೊಟ್ಟು ಬಾಳುವ ಕ್ರಮವೊಂದನ್ನು ಕಂಡುಕೊಂಡಿದ್ದ ಜನವನ್ನೇ ನಾವು ಕಾಡಿನ ವೈರಿಗಳೆಂದು ಕರೆದೆವಲ್ಲ!

ಉದ್ಯಾನಗಳೇ ಬೇಡವೆಂದು ನಾನು ಹೇಳುತ್ತಿಲ್ಲ. ಸೆರೆಂಗೆಟಿಗೆ ಕಾವಲಿಲ್ಲದಿದ್ದರೆ ಅಲ್ಲಿ ಇಂದು ಎಣಿಸಲು ಏನೂ ಉಳಿಯುತ್ತಿರಲಿಲ್ಲ. ಕಳ್ಳಬೇಟೆಗೆ ಅಲ್ಲಿಯ ಖಡ್ಗಮೃಗಗಳು ಹೆಚ್ಚುಕಡಮೆ ನಿರ್ನಾಮವಾದುದನ್ನು ಮರೆಯಲಾಗದು. ಆದರೆ ಯಾರನ್ನು ಯಾರಿಂದ ಕಾಯಬೇಕೆಂಬುದನ್ನು ತಿಳಿಯುವ ಮೊದಲೇ ಬೇಲಿ ಹಾಕುವುದು ನಮ್ಮ ಅವಸರ. ಆ ಅವಸರ ಇನ್ನೂ ಮುಗಿದಿಲ್ಲ. 2022ರಲ್ಲಿ ಸೆರೆಂಗೆಟಿಯ ಮಗ್ಗುಲಿನ ಲೋಲಿಯೊಂಡೊ ಸೀಮೆಯಲ್ಲಿ ಹೊಸ ಗಡಿಕಲ್ಲುಗಳನ್ನು ನೆಡುವಾಗ ಮಾಸಾಯಿಗಳಿಗೂ ಪೊಲೀಸರಿಗೂ ಘರ್ಷಣೆಯಾಗಿ ರಕ್ತ ಹರಿಯಿತು.

2011ರಲ್ಲಿ ದೊಡ್ಡರೋಗ ಭೂಮಿಯಿಂದಲೇ ನಿರ್ಮೂಲವಾಯಿತೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ ಸಾರಿತು. ಸಿಡುಬಿನ ಅನಂತರ ಮನುಷ್ಯ ಹೀಗೆ ಗೆದ್ದದ್ದು ಈ ಒಂದೇ ರೋಗವನ್ನು. ಆ ಗೆಲುವಿನಲ್ಲಿ 1920ರ ದಶಕದಲ್ಲಿ ಆಡಿನ ಮೈಯಲ್ಲಿ ಲಸಿಕೆಯನ್ನು ಸಾಧಿಸಿದ ಹಿಮಾಲಯದ ಮುಕ್ತೇಶ್ವರದ ಪ್ರಯೋಗಶಾಲೆಗೂ ಪಾಲಿದೆ. ಹೊತ್ತಾರೆ ಎದ್ದು ತೋಪಿಗೆ ಬಂದು, ಒದೆ ತಿನ್ನುತ್ತ, ಒಂದೊಂದೇ ದನವನ್ನು ಹಿಡಿದು ಸೂಜಿ ಹಾಕಿದ ನಮ್ಮೂರಿನ ಆ ಹೆಸರರಿಯದ ಪಶುವೈದ್ಯರಿಗೂ ಪಾಲಿದೆ. ಅಂದು ನಾವು ಹುಡುಗರು ದೂರ ನಿಂತು ನಗುತ್ತಿದ್ದೆವು. ಅಂಥದೇ ಸೂಜಿ ಕಡಲಾಚೆಯಲ್ಲಿ ಒಂದು ಬಯಲನ್ನು ಉಳಿಸುತ್ತಿದೆಯೆಂದು ನಮಗೂ ತಿಳಿದಿರಲಿಲ್ಲ, ಅವರಿಗೂ ತಿಳಿದಿರಲಿಲ್ಲ.